ಹುಡುಗಿಯರ ಡಬ್ಬಿ

2018ರ ಆಗಸ್ಟ್ 6, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಗೊರ್ಲೆಪೇಟ ಪೊಲೀಸ್ ಠಾಣೆಗೆ ತಾಯಿ ಮಗಳು ಇಬ್ಬರು ಬಂದರು. ತಾಯಿ ಲೆಂಕ ಸನ್ಯಾಸಮ್ಮ, ವಯಸ್ಸು ನಲವತ್ತೇಳು, ಸೆಣಬಿನ ಗಿರಣಿಯಲ್ಲಿ ಕೆಲಸ. ಮಗಳು ಹೈಮಾವತಿ, ವಯಸ್ಸು ಇಪ್ಪತ್ತೆರಡು, ಐವತ್ತಮೂರು ಕಿಲೋ ವಿಭಾಗದಲ್ಲಿ ದೇಶದ ಪರವಾಗಿ ಭಾರ ಎತ್ತುವವಳು. ನಾಲ್ಕು ತಿಂಗಳ ಹಿಂದೆ ಇದೇ ಹುಡುಗಿಯನ್ನು ತೆರೆದ ಜೀಪಿನಲ್ಲಿ ನಿಲ್ಲಿಸಿ ಊರೆಲ್ಲ ಮೆರವಣಿಗೆ ಮಾಡಿದ್ದರು. ಬಂದೋಬಸ್ತಿಗೆ ನಿಂತವರು ಇದೇ ಠಾಣೆಯವರು. ಈಗ ಅವಳು ದುಪಟ್ಟಾವನ್ನು ಹಣೆಯ ತನಕ ಎಳೆದುಕೊಂಡು ಬೆಂಚಿನ ತುದಿಯಲ್ಲಿ ಕುಳಿತಿದ್ದಳು.

ಹೆಡ್ ಕಾನ್ಸ್‌ಟೇಬಲ್ ಸಿಂಹಾದ್ರಿ ಅರ್ಜಿ ಓದಿ ತಲೆ ಕೆರೆದುಕೊಂಡ.

"ಅಮ್ಮಾ, ಕೋಳಿ ಕದ್ರು, ಗಂಡ ಹೊಡೆದ ಅಂತೆಲ್ಲ ಕಂಪ್ಲೇಂಟ್ ತಗೊಂಡಿದೀನಿ. ನನ್ನ ಮಗಳ ಉಚ್ಚೇಲಿ ಮದ್ದು ಸಿಕ್ತು ಅಂದ್ರೆ ಯಾವ ಸೆಕ್ಷನ್ ಹಾಕ್ಲಿ?"

"ಅವಳಾಗಿ ತಿಂದಿಲ್ಲ. ಯಾರೋ ತಿನ್ನಿಸಿದಾರೆ. ತಿನ್ನಿಸಿದೋನಿಗೆ ನಿಮ್ಮ ಪುಸ್ತಕದಲ್ಲಿ ಸೆಕ್ಷನ್ ಇಲ್ವಾ ಬಾಬೂ?" ಎಂದಳು ಸನ್ಯಾಸಮ್ಮ. ಗಿರಣಿಯ ಸದ್ದಿನಲ್ಲಿ ಮಾತಾಡಿ ರೂಢಿಯಾದ ಗಂಟಲು, ಒಳಕೋಣೆಗೂ ಕೇಳಿಸಿತು.

ಒಳಕೋಣೆಯಲ್ಲಿ ಇದ್ದವರು ಇನ್‌ಸ್ಪೆಕ್ಟರ್ ಗೇದೆಲ ತ್ರಿನಾಥರಾವು. ಹೊರಗೆ ಬಂದು ದೆಹಲಿಯ ಉದ್ದೀಪನ ಮದ್ದು ತಡೆ ಸಂಸ್ಥೆಯಿಂದ ಬಂದಿದ್ದ ಕಾಗದವನ್ನು ನಿಂತೇ ಓದಿದರು. ಜೂನ್ 19ರಂದು ಹೈಮಾವತಿಯ ಮನೆಗೆ ಬಂದು ಮೂತ್ರದ ಮಾದರಿ ತೆಗೆದುಕೊಂಡಿದ್ದರು. ಅದರಲ್ಲಿ ಸ್ಟಾನೋಜೊಲಾಲ್ ಎಂಬ ನಿಷೇಧಿತ ಮದ್ದು ಸಿಕ್ಕಿದೆ. ಜುಲೈ 27ರಿಂದ ಅವಳು ಯಾವ ಸ್ಪರ್ಧೆಗೂ ಇಳಿಯುವಂತಿಲ್ಲ. ಆಗಸ್ಟ್ 31ಕ್ಕೆ ವಿಚಾರಣೆ. ಮದ್ದು ಮೈಗೆ ಹೇಗೆ ಸೇರಿತೆಂದು ಅವಳೇ ತೋರಿಸಿಕೊಡಬೇಕು, ಇಲ್ಲವಾದರೆ ನಾಲ್ಕು ವರ್ಷ ನಿಷೇಧ.

"ನಾಲ್ಕು ವರ್ಷ ಅಂದ್ರೆ?" ಎಂದು ಕೇಳಿದರು ತ್ರಿನಾಥರಾವು.

"ಮುಗೀತು ಅಂತ ಅರ್ಥ ಸಾರ್," ಎಂದಳು ಹುಡುಗಿ.

"ನೀನು ತಗೊಂಡ್ಯಾ?"

"ಇಲ್ಲ."

"ನನ್ನ ಮುಖ ನೋಡಿ ಹೇಳು."

ಅವಳು ದುಪಟ್ಟಾ ಹಿಂದಕ್ಕೆ ಸರಿಸಿ ನೋಡಿದಳು. "ಇಲ್ಲ ಸಾರ್. ಕೆಮ್ಮು ಬಂದ್ರೂ ಸಿರಪ್ ಕುಡಿಯೋಳಲ್ಲ ನಾನು. ಬಾಯಿಗೆ ಹೋದ ಮಾತ್ರೆ, ಪುಡಿ ಎಲ್ಲಾ ಕ್ಯಾಲೆಂಡರ್ ಮೇಲೆ ಬರ್ದಿಡ್ತೀನಿ."

"ನಿಮ್ಮ ಮೇಷ್ಟ್ರು ಏನಂತಾರೆ?"

"ಒಪ್ಕೊಂಡು ಸಹಿ ಹಾಕ್ಬಿಡಮ್ಮಾ, ಬೇಗ ಒಪ್ಕೊಂಡ್ರೆ ಶಿಕ್ಷೆ ಕಮ್ಮಿ ಮಾಡ್ತಾರೆ ಅಂದ್ರು."

"ಯಾಕೆ ಹಾಕ್ಲಿಲ್ಲ?"

"ತಿನ್ನದೇ ಇರೋದನ್ನ ತಿಂದೆ ಅಂತ ಹೆಂಗೆ ಬರೀಲಿ ಸಾರ್?"

ತ್ರಿನಾಥರಾವು ಇಪ್ಪತ್ತಮೂರು ವರ್ಷ ಸರ್ವಿಸಿನಲ್ಲಿ ಸುಳ್ಳು ಕೇಳಿ ಕೇಳಿ ಕಿವಿ ಮಂದವಾದವರು. ಈ ಮಾತು ಅವರಿಗೆ ನೇರ ನಾಟಿತು. ಹನ್ನೊಂದೂ ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು: ಕ್ರೈಂ ನಂಬರ್ 112/2018, ಐಪಿಸಿ ಕಲಂ 328, ಕೆಡುಕು ಮಾಡುವ ಮದ್ದನ್ನು ತಿಳಿಯದಂತೆ ತಿನ್ನಿಸಿದ ಅಪರಾಧ, ಆರೋಪಿ ಅಪರಿಚಿತ.

ಆಗಸ್ಟ್ 7ರಂದು ಪಂಚನಾಮೆಗೆ ಲೆಂಕರ ಮನೆಗೆ ಹೋದಾಗ ಬೀದಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಯಾರೋ 'ಕಳ್ಳಿ' ಎಂದು ಬರೆದಿದ್ದರು. ಸನ್ಯಾಸಮ್ಮ ತೊಳೆದಿದ್ದಳು, ಮತ್ತೆ ಬರೆದಿದ್ದರು. ಎದುರು ಮನೆಯ ಜಗುಲಿಯಲ್ಲಿ ಚುಟ್ಟಾ ಸೇದುತ್ತ ಕುಳಿತಿದ್ದ ಮುದುಕ, "ಒಂದು ಹೆಣ್ಣು ನೂರಾರು ಕಿಲೋ ಎತ್ತಿದಾಗಲೇ ನನಗೆ ಡೌಟು ಬಂದಿತ್ತು ಬಾಬೂ," ಎಂದ. ಜೀಪಿನ ಮೆರವಣಿಗೆಯ ದಿನ ಇದೇ ಮುದುಕ ಮುಂದೆ ನಿಂತು ತೆಂಗಿನಕಾಯಿ ಒಡೆದಿದ್ದನ್ನು ತ್ರಿನಾಥರಾವು ಕಣ್ಣಾರೆ ಕಂಡಿದ್ದರು. ಅವರ ಮೈ ಉರಿಯಿತು.

"ತಾತಾ, ಆ ಡೌಟು ತೆಂಗಿನಕಾಯಿ ಒಡೆಯೋವಾಗ ಎಲ್ಲಿಟ್ಟಿದ್ದೆ?" ಎಂದು ಕೇಳಿ ಒಳಗೆ ಹೋದರು.

ಇಬ್ಬರು ಪಂಚರ ಸಮಕ್ಷಮ ಒಂದು ಪ್ರೋಟೀನ್ ಪುಡಿಯ ಡಬ್ಬ, ಒಂದು ವಿಟಮಿನ್ ಸೀಸೆ, ನೋವಿನ ಮುಲಾಮು ಜಪ್ತಿಯಾದವು. ಗೋಡೆಯ ಕ್ಯಾಲೆಂಡರನ್ನೂ ತೆಗೆದುಕೊಂಡರು. ಪ್ರತಿ ದಿನದ ಚೌಕದಲ್ಲೂ ಇರುವೆಯಂಥ ಅಕ್ಷರದಲ್ಲಿ ಮೈತೂಕ, ಪುಡಿ ಎಷ್ಟು ಚಮಚ, ಮಾತ್ರೆ ಯಾವುದು, ಎಲ್ಲ ಇತ್ತು. ಕಳ್ಳತನ ಮಾಡುವವಳು ಇಷ್ಟು ಅಚ್ಚುಕಟ್ಟಾಗಿ ಬರೆದಿಡುತ್ತಾಳೆಯೇ? ಆದರೆ ವಿಚಾರಣೆಯ ಮುಂದೆ ಕ್ಯಾಲೆಂಡರ್ ಹಿಡಿದರೆ ಸಾಲದು.

ಸನ್ಯಾಸಮ್ಮನಿಗೆ ಅನುಮಾನವಿದ್ದದ್ದು ನದಿಯಾಚೆಯ ಎದುರಾಳಿ ಗರಡಿಯ ಕೋಚ್ ದೇಮುಡು ಮೇಲೆ. ಅವನನ್ನು 9ನೆಯ ತಾರೀಖು ಕರೆಸಿದರು. ಮೇ, ಜೂನ್ ಎರಡೂ ತಿಂಗಳು ಅವನು ಶಿಷ್ಯರೊಂದಿಗೆ ಪಟಿಯಾಲದ ಶಿಬಿರದಲ್ಲಿದ್ದ, ಹಾಜರಿ ಪುಸ್ತಕದ ನಕಲು ತಂದಿದ್ದ. "ವಿಷ ಹಾಕೋದೇ ಆಗಿದ್ರೆ ಇಪ್ಪತ್ತು ವರ್ಷದಿಂದ ನನ್ನ ಹೊಟ್ಟೆ ಉರಿಸ್ತಿರೋ ಅವಳ ಮೇಷ್ಟ್ರು ಜೋಗಿನಾಯುಡಿಗೆ ಹಾಕ್ತಿದ್ದೆ ಸಾರ್, ಆ ಮಗುಗೆ ಯಾಕೆ ಹಾಕ್ಲಿ?" ಎಂದು ಕೂಗಾಡಿ ಸಹಿ ಹಾಕಿ ಹೋದ.

ಆಗಸ್ಟ್ 18ಕ್ಕೆ ವಿಶಾಖಪಟ್ಟಣದ ಪ್ರಯೋಗಾಲಯದ ವರದಿ ಬಂತು. ಪುಡಿಯಲ್ಲಿ ಏನಿಲ್ಲ, ಮಾತ್ರೆಯಲ್ಲಿ ಏನಿಲ್ಲ, ಮುಲಾಮಿನಲ್ಲೂ ಇಲ್ಲ. ಹದಿಮೂರು ದಿನ ಉಳಿದಿತ್ತು.

"ಹಂಗಾದ್ರೆ ಗಾಳೀಲಿ ಬಂತಾ ಸಾರ್ ಮದ್ದು?" ಎಂದ ಸಿಂಹಾದ್ರಿ.

"ಗಾಳೀಲಲ್ಲ, ಬಾಯಲ್ಲೇ ಬಂದಿದೆ. ಅವಳು ಯಾವುದನ್ನ ಲೆಕ್ಕಕ್ಕೇ ಇಟ್ಟಿಲ್ಲವೋ ಅದರಲ್ಲಿ ಬಂದಿದೆ," ಎಂದರು ತ್ರಿನಾಥರಾವು. "ನಾಳಿದ್ದು ಬೆಳಿಗ್ಗೆ ಅವಳ ಗರಡಿಗೆ ಹೋಗೋಣ. ಅಪ್ಪಲಕೊಂಡಾನೂ ಬರ್ಲಿ."

ಅಪ್ಪಲಕೊಂಡ ಠಾಣೆಯ ಏಕೈಕ ಮಹಿಳಾ ಕಾನ್ಸ್‌ಟೇಬಲ್. ಕಮ್ಮಿ ಮಾತಿನವಳು, ಆದರೆ ಎದುರಿಗಿದ್ದವರಿಂದ ಮಾತು ಹೊರಡಿಸುವುದರಲ್ಲಿ ಗಟ್ಟಿಗಿತ್ತಿ.

ಆಗಸ್ಟ್ 20, ಬೆಳಿಗ್ಗೆ ಏಳು ಗಂಟೆ. ತಗಡಿನ ಮಾಡು, ಮುಂದೆ ಆಂಜನೇಯನ ಪಟ, ಒಳಗೆ ನಲವತ್ತು ಜನ. ಭಾರ ಕಟ್ಟಿದ ಕಬ್ಬಿಣದ ಬಾರು ನೆಲಕ್ಕೆ ಬಿದ್ದಾಗಲೆಲ್ಲ ಕಾಲಡಿಯ ಹಲಗೆ ನಡುಗುತ್ತಿತ್ತು. ನಡುವೆ ಕುರ್ಚಿಯಲ್ಲಿ ತೊತ್ತಡಿ ಜೋಗಿನಾಯುಡು ಮೇಷ್ಟ್ರು: ಐವತ್ತನಾಲ್ಕು ವರ್ಷ, ಗೂಳಿ ಹೆಗಲು, ಸವೆದ ಮಂಡಿ, ಮೃದುವಾದ ದನಿ. ಊರಿನ ಇಪ್ಪತ್ತೆಂಟು ಮನೆಗಳಲ್ಲಿ ಕ್ರೀಡಾ ಕೋಟಾದ ಸರ್ಕಾರಿ ಸಂಬಳ ಬರುತ್ತಿದ್ದುದು ಈ ಮನುಷ್ಯನಿಂದ. ಪೊಲೀಸರನ್ನು ಕಂಡು ಎದ್ದು ನಿಂತರು.

"ಬನ್ನಿ ಸಾರ್. ನಮ್ಮ ಹೈಮಾಗೆ ಏನಾದ್ರೂ ದಾರಿ ಆಯ್ತಾ? ನನಗೆ ಅನ್ನ ಗಂಟಲಲ್ಲಿ ಇಳೀತಿಲ್ಲ."

"ನೋಡ್ತಾ ಇದೀವಿ ಮೇಷ್ಟ್ರೇ," ಎಂದರು ತ್ರಿನಾಥರಾವು.

ಎಂಟೂವರೆಗೆ ಅಭ್ಯಾಸ ಮುಗಿಯಿತು. ಆಮೇಲೆ ನಡೆದದ್ದನ್ನು ಅವರು ಕಂಬಕ್ಕೊರಗಿ ನೋಡಿದರು. ಮಕ್ಕಳೆಲ್ಲ ಸಾಲಾಗಿ ನಿಂತರು. ಬಾರು ಜಾರದಿರಲೆಂದು ಹಚ್ಚಿಕೊಂಡ ಬಿಳಿ ಪುಡಿಯಿಂದ ಅಂಗೈಗಳೆಲ್ಲ ಸುಣ್ಣ ಬಳಿದಂತಿದ್ದವು. ಆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಒಬ್ಬೊಬ್ಬರೇ ಮುಂದೆ ಬಂದು ಬಾಯಿ ತೆರೆದರು. ಮೇಷ್ಟ್ರು ದೊಡ್ಡ ಸ್ಟೀಲ್ ಡಬ್ಬಿಯಿಂದ ಹುರಿದ ಉದ್ದಿನ ಹಿಟ್ಟು, ಬೆಲ್ಲ, ತುಪ್ಪದಲ್ಲಿ ಕಟ್ಟಿದ ಸುನ್ನುಂಡೆ ಒಂದೊಂದನ್ನೇ ತೆಗೆದು ತಮ್ಮ ಕೈಯಿಂದಲೇ ಬಾಯಿಗಿಟ್ಟರು. ಇಪ್ಪತ್ತೈದು ವರ್ಷದ ಪದ್ಧತಿ. ನೋಡಿದರೆ ಕಣ್ಣು ತುಂಬಿಬರಬೇಕು, ಸಿಂಹಾದ್ರಿಗೆ ಬಂದೂ ಬಂತು.

"ಏ ಕನಕರಾಜು, ದೊಡ್ಡದಾಗಿ ಬಾಯಿ ತೆಗಿಯೋ!" ಎಂದು ಹಿಂದಿನವರು ನಗಾಡಿದರು. ಹಾಗೆ ಕರೆಸಿಕೊಂಡದ್ದು ಹುಡುಗನಲ್ಲ, ಕನಕ ಎಂಬ ಹದಿನೈದು ವರ್ಷದ ಹುಡುಗಿ. "ಹೋಗ್ರೋ ಕೋತಿಗಳಾ," ಎಂದು ಅವಳು ತಿರುಗಿ ಬೈದಾಗ ದನಿ ಒಡೆದು ಗೊಗ್ಗರಾಗಿತ್ತು. ಅಪ್ಪಲಕೊಂಡ ಇನ್‌ಸ್ಪೆಕ್ಟರ ಮುಖ ನೋಡಿದಳು. ಅವರು ಕಣ್ಣಲ್ಲೇ ಹೂಂ ಎಂದರು.

ಅಂದು ಮಧ್ಯಾಹ್ನ ಅಪ್ಪಲಕೊಂಡ ಯೂನಿಫಾರ್ಮ್ ಬಿಚ್ಚಿಟ್ಟು, ಸೀರೆ ಉಟ್ಟು, ಮುರಿಮಿಕ್ಸ್ಚರ್ ಎಂಬ ಖಾರ ಮಂಡಕ್ಕಿಯ ಐದು ಪೊಟ್ಟಣ ಕಟ್ಟಿಸಿಕೊಂಡು ಕನಕನ ಮನೆಗೆ ಹೋದಳು. ಹೈಮಾವತಿಯ ಹೊರತು ಗರಡಿಯ ಐದೂ ಹುಡುಗಿಯರು ಅಲ್ಲಿ ಸೇರಿದರು. ನಾಲ್ಕೂವರೆಗೆ ಅವಳು ಠಾಣೆಗೆ ಬಂದಾಗ ಮುಖ ಕೆಂಪಾಗಿತ್ತು. ಬಾಗಿಲು ಮುಂದೆ ಮಾಡಿದಳು.

"ಐದು ಜನದಲ್ಲಿ ನಾಲ್ಕು ಜನಕ್ಕೆ ತಿಂಗಳದು ನಿಂತುಹೋಗಿತ್ತು ಸಾರ್. ಒಬ್ಬಳಿಗೆ ಒಂದೂವರೆ ವರ್ಷದಿಂದ. ಮುಖದ ಮೇಲೆ ಕೂದಲು ಬಂದಿದೆ ಅಂತ ಇನ್ನೊಬ್ಬಳು ಅತ್ತಳು. ಭಾರ ಎತ್ತೋರಿಗೆ ಹಂಗೇ ಆಗೋದು, ಯಾರ ಹತ್ರನೂ ಹೇಳ್ಬೇಡಿ, ಮದುವೆಗೆ ತೊಂದರೆ ಆಗುತ್ತೆ ಅಂತ ಮೇಷ್ಟ್ರು ಹೇಳಿದಾರಂತೆ."

ತ್ರಿನಾಥರಾವು ಪೆನ್ನು ಕೆಳಗಿಟ್ಟರು.

"ಇನ್ನೊಂದು ಸಾರ್. ಈಗ ಹದಿನೈದು ದಿನದಿಂದ ಇಬ್ಬರಿಗೆ ಮತ್ತೆ ಶುರುವಾಗಿದೆ."

"ಈಚೆಗೆ ಏನು ಬದಲಾಯ್ತು?"

"ಅದನ್ನೇ ಕೇಳಿದೆ. ಅದೇ ಎತ್ತೋದು, ಅದೇ ಊಟ. ಒಂದೇ ಒಂದು ಬದಲಾಗಿದೆ. ಮುಂಚೆ ಎರಡು ಡಬ್ಬಿ ಬರ್ತಿತ್ತಂತೆ. ದೊಡ್ಡದು ಹುಡುಗರಿಗೆ, ಚಿಕ್ಕದು ಹುಡುಗಿಯರಿಗೆ. ತುಪ್ಪ ಜಾಸ್ತಿ ಹಾಕಿರೋದು ಅಂತ. ಹೈಮಾಗೆ ಕಾಗದ ಬಂತಲ್ಲ, ಆವತ್ತಿಂದ ಹುಡುಗಿಯರ ಡಬ್ಬಿ ಬಂದಿಲ್ಲ."

ಸಿಂಹಾದ್ರಿ, "ಥೂ!" ಎಂದ. ಅಷ್ಟೇ ಅವನ ಬಾಯಿಂದ ಹೊರಟದ್ದು.

ಮರುದಿನ, 21ರ ಬೆಳಿಗ್ಗೆ, ಹೈಮಾವತಿಯನ್ನು ಕರೆಸಿದರು.

"ನಿನ್ನ ಕ್ಯಾಲೆಂಡರಲ್ಲಿ ಸುನ್ನುಂಡೆ ಯಾಕಿಲ್ಲಮ್ಮಾ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದು ಮೇಷ್ಟ್ರ ಕೈಯಿಂದ ಬರೋದು ಸಾರ್. ಅದನ್ನ ಯಾರು ಬರೀತಾರೆ?"

"ಚಿಕ್ಕ ಡಬ್ಬೀದಾ?"

"ಹೂಂ, ಹುಡುಗಿಯರ ಡಬ್ಬೀದು." ಮಾತು ಅಲ್ಲಿಗೆ ನಿಂತಿತು. ಅವಳು ಇನ್‌ಸ್ಪೆಕ್ಟರನ್ನು ನೋಡಿದಳು, ಅಪ್ಪಲಕೊಂಡಳನ್ನು ನೋಡಿದಳು. ಆಮೇಲೆ ಕುರ್ಚಿಯಿಂದ ಎದ್ದುಬಿಟ್ಟಳು. "ಬೇಡಿ ಸಾರ್. ಅವರ ಮೇಲೆ ಒಂದು ಮಾತು ಆಡಬೇಡಿ. ಅಪ್ಪ ಸತ್ತಾಗ ನನಗೆ ಹನ್ನೊಂದು. ಆವತ್ತಿಂದ ಅವರೇ ನೋಡ್ಕೊಂಡಿರೋದು. ನನ್ನ ಮೊದಲನೇ ಶೂಸ್ ಅವರು ಕೊಡಿಸಿದ್ದು."

"ಗೊತ್ತಮ್ಮಾ. ಕೂತ್ಕೋ."

ಅವಳು ಕೂರಲಿಲ್ಲ. ಇಂಥ ಹುಡುಗಿಯ ಎದುರು ಆ ಇನ್ನೊಂದು ಮಾತನ್ನು ಹೇಳಬೇಕಾಗಿ ಬಂದದ್ದಕ್ಕೆ ತ್ರಿನಾಥರಾವಿಗೆ ತಮ್ಮ ಮೇಲೆಯೇ ಸಿಟ್ಟು ಬಂತು. ಹಿಂದಿನ ಸಂಜೆ ಅವರು ದೆಹಲಿಯ ವಿಚಾರಣೆಯಲ್ಲಿ ಹೈಮಾವತಿಯ ಪರ ವಾದಿಸಲಿದ್ದ ವಕೀಲೆಗೆ ಫೋನ್ ಮಾಡಿದ್ದರು. ವಕೀಲೆ ಹೇಳಿದ್ದು ಹೀಗೆ: ಹೊರಗಿನ ವೈರಿ ಬೆರೆಸಿದನೆಂದು ಸಾಬೀತಾದರೆ ಹುಡುಗಿ ಪೂರ್ತಿ ಪಾರು, ಅವಳ ಸ್ವಂತ ಕೋಚೇ ಕೊಟ್ಟನೆಂದಾದರೆ, ಅಂಥವನನ್ನು ಆರಿಸಿಕೊಂಡ ಜವಾಬ್ದಾರಿ ಅವಳದೇ ಎನ್ನುತ್ತದೆ ನಿಯಮ. ನಾಲ್ಕು ವರ್ಷ ಎರಡಾಗಬಹುದು, ಅಷ್ಟೇ.

ಆರಿಸಿಕೊಂಡದ್ದಂತೆ! ಊರಿಗೊಂದೇ ಗರಡಿ, ಒಬ್ಬನೇ ಮೇಷ್ಟ್ರು. ತಂದೆ ಸತ್ತ ಹನ್ನೊಂದರ ಮಗು ಪಟ್ಟಿ ಮುಂದಿಟ್ಟುಕೊಂಡು ಗುರುವನ್ನು ಆರಿಸುತ್ತದೆಯೇ? ನಿಯಮ ಬರೆದವರಿಗೆ ಅವರದೇ ಕಾರಣಗಳಿರಬಹುದು. ಇಲ್ಲದಿದ್ದರೆ ಪ್ರತಿಯೊಬ್ಬರೂ ಕೋಚಿನ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುತ್ತಿದ್ದರೇನೋ. ಆದರೆ ಆ ಕಾರಣವನ್ನು ಈ ಹುಡುಗಿಯ ಮುಖ ನೋಡಿ ಹೇಳಲಿ ಯಾರಾದರೂ.

ತ್ರಿನಾಥರಾವು ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. "ನಾನು ನಿಜ ಹುಡುಕಿದರೆ ನಿನಗೆ ನಷ್ಟ ಆಗಬಹುದು. ಕೇಸು ಇಲ್ಲಿಗೇ ನಿಲ್ಲಿಸೋಕೆ ನನಗೆ ಅಧಿಕಾರ ಇಲ್ಲ. ಆದ್ರೂ ನಿನಗೆ ಗೊತ್ತಿರ್ಲಿ ಅಂತ ಹೇಳ್ತಿದೀನಿ."

ಹೈಮಾವತಿ ಕಿಟಕಿಯ ಕಡೆ ತಿರುಗಿದಳು.

"ಅವರಲ್ಲ ಅಂತ ಗೊತ್ತಾಗ್ಲಿ ಸಾರ್. ಹುಡುಕಿ," ಎಂದಳು.

22ರಂದು ಬೆಳಿಗ್ಗೆ ಒಂಬತ್ತೂಕಾಲಿಗೆ, ಶೋಧನೆಯ ವಾರಂಟ್ ಹಿಡಿದು ಇಬ್ಬರು ಪಂಚರೊಂದಿಗೆ ಜೋಗಿನಾಯುಡು ಮನೆಗೆ ಹೋದರು. ಮೇಷ್ಟ್ರು ಗರಡಿಯಲ್ಲಿದ್ದರು. ಹೆಂಡತಿ ಗಂಗಮ್ಮ ಹಿತ್ತಲಲ್ಲಿ ಬೀಸುಕಲ್ಲಿನ ಮುಂದೆ ಕುಳಿತು ಉದ್ದು ಬೀಸುತ್ತಿದ್ದಳು.

"ಸುನ್ನುಂಡೆ ಯಾರು ಕಟ್ಟೋದಮ್ಮಾ?"

"ಇನ್ಯಾರು? ನಾನೇ. ವಾರಕ್ಕೆ ನಾಲ್ಕು ಕಿಲೋ ಉದ್ದು ಬೀಸಿ ಬೀಸಿ ರೆಟ್ಟೆ ಬಿದ್ದುಹೋಗಿದೆ. ಮಕ್ಕಳು ಭಾರ ಎತ್ತುತ್ತಾರೆ ಅಂತಾರೆ, ನಾನು ಎತ್ತೋದು ಯಾರಿಗೂ ಕಾಣಲ್ಲ."

"ಒಂದು ಡಬ್ಬಿನಾ, ಎರಡಾ?"

"ಒಂದೇ ಬಾಣಲೆ, ಒಂದೇ ಡಬ್ಬಿ. ಎರಡ್ಯಾಕೆ?"

"ಹುಡುಗಿಯರದು?"

"ಓ, ಅದಾ? ಅದು ಅವರೇ ತುಂಬ್ಕೋತಾರೆ. ಐದಾರು ಉಂಡೆ ತಗೊಂಡು, ತುಪ್ಪ ಹಾಕಿ ಮತ್ತೆ ಕಟ್ತೀನಿ ಅಂತ ಕೋಣೆಗೆ ಹೋಗಿ ಬಾಗಿಲು ಹಾಕ್ಕೋತಾರೆ. ನೀರು ಬೇಕಾದ್ರೂ ನನ್ನನ್ನೇ ಕೂಗೋ ಮನುಷ್ಯ, ಅದೊಂದಕ್ಕೆ ಮಾತ್ರ ಅಡುಗೆಭಟ್ಟ."

"ಆ ಡಬ್ಬಿ ಈಗೆಲ್ಲಿದೆ?"

ಗಂಗಮ್ಮ ನಾಚಿಕೊಂಡಳು. "ಹೇಳ್ಬೇಡಿ ಅವರಿಗೆ. ನದೀಲಿ ಎಸೆದು ಬಾ ಅಂದಿದ್ರು, ತುಕ್ಕು ಹಿಡಿದಿದೆ ಅಂತ. ಎಲ್ಲಿ ತುಕ್ಕು? ನಮ್ಮಮ್ಮ ಕೊಟ್ಟಿದ್ದು ಬಾಬೂ, ಎಸೆಯೋಕೆ ಮನಸ್ಸು ಬರುತ್ತಾ? ಹುಣಸೇಹಣ್ಣು ಕಟ್ಟಿದ ಬಟ್ಟೆ ಗಂಟು ಹಂಗೇ ಒಳಗಿಟ್ಟು ಅಟ್ಟದ ಮೇಲೆ ಇಟ್ಟಿದೀನಿ."

ತೊಳೆದಿದ್ದೆಯಾ ಎಂದು ಕೇಳಿದರು ತ್ರಿನಾಥರಾವು. ಬಟ್ಟೆಯಲ್ಲಿ ಒರೆಸಿದೆ ಎಂದಳು. ಡಬ್ಬಿ ಕೆಳಗಿಳಿಯಿತು. ಮುಚ್ಚಳದ ಮಡಿಕೆಯ ಒಳಗೆ ಜಿಡ್ಡಿನೊಂದಿಗೆ ಉದ್ದಿನ ಹಿಟ್ಟು ಕಂದಾಗಿ ಅಂಟಿ ಗಟ್ಟಿಯಾಗಿತ್ತು. ಪಂಚರ ಸಹಿ ಪಡೆದು, ಅರಗು ಹಾಕಿ, ಸಿಂಹಾದ್ರಿಯ ಕೈಯಲ್ಲೇ ವಿಶಾಖಪಟ್ಟಣಕ್ಕೆ ಕಳಿಸಿದರು.

ಗರಡಿಯಲ್ಲಿ ಮೇಷ್ಟ್ರ ಅಭ್ಯಾಸದ ರಿಜಿಸ್ಟರ್ ಜಪ್ತಿಯಾಯಿತು. ಬಚ್ಚಿಟ್ಟದ್ದೇನಲ್ಲ, ಕಿಟಕಿಯ ಮೇಲೇ ಇತ್ತು. ಒಬ್ಬೊಬ್ಬರಿಗೆ ಒಂದೊಂದು ಪುಟ, ದಿನಕ್ಕೆ ಎಷ್ಟು ಕಿಲೋ ಎಷ್ಟು ಸಲ ಎಂದು. ಹುಡುಗಿಯರ ಪುಟಗಳಲ್ಲಿ ಮಾತ್ರ ಕೆಲವು ತಾರೀಖಿನ ಪಕ್ಕ ಕೆಂಪು ಚುಕ್ಕೆ. ಸ್ಪರ್ಧೆ ಹತ್ತಿರ ಬಂದಾಗ ಚುಕ್ಕೆ ನಿಲ್ಲುತ್ತಿತ್ತು, ಸ್ಪರ್ಧೆ ಮುಗಿದ ಮೇಲೆ ಮತ್ತೆ ಆರಂಭ. ಜುಲೈ 27ರ ನಂತರ ಯಾವ ಪುಟದಲ್ಲೂ ಚುಕ್ಕೆಯಿರಲಿಲ್ಲ.

"ಇದೇನು ಮೇಷ್ಟ್ರೇ?"

"ವಿಶ್ರಾಂತಿ ದಿನ ಸಾರ್."

"ವಿಶ್ರಾಂತಿ ದಿನ ತೊಂಬತ್ತು ಕಿಲೋ ಎತ್ತಿದಾಳಾ?"

ವರದಿ ಬರುವ ತನಕ ಊರು ಬಿಡಬಾರದೆಂದು ಜೋಗಿನಾಯುಡಿಗೆ ನೋಟಿಸ್ ಕೊಟ್ಟು ಬಂದರು.

25ರಂದು ಸರಪಂಚ ಪಾರಿನಾಯುಡು ಹತ್ತು ಜನರನ್ನು ಕಟ್ಟಿಕೊಂಡು ಠಾಣೆಗೆ ಬಂದ. ಟೀ ಕುಡಿದ, ಮೀಸೆ ಒರೆಸಿಕೊಂಡ.

"ಸಾರ್, ಒಂದು ಹುಡುಗಿ ಹೆಸರು ಹೇಗೂ ಹಾಳಾಗಿದೆ. ಅದಕ್ಕೆ ಊರಿನ ಹೆಸರೂ ಹಾಳು ಮಾಡ್ಬೇಕಾ? ಮೇಷ್ಟ್ರು ದೇವರಂಥವರು."

"ನಿಮ್ಮ ಮೊಮ್ಮಗಳು ಗರಡಿಗೆ ಹೋಗ್ತಾಳಾ?"

"ಇಲ್ಲ ಸಾರ್, ಅವಳು ಇಂಗ್ಲಿಷ್ ಸ್ಕೂಲು."

"ಹಂಗಾದ್ರೆ ಎದ್ದೇಳಿ," ಎಂದರು ತ್ರಿನಾಥರಾವು. "ಹದಿನೈದು ವರ್ಷದ ಮಗುವಿನ ಗಂಟಲು ಗಂಡಸಿನ ಗಂಟಲಾಗಿದೆ. ಅವಳನ್ನ ಕನಕರಾಜು ಅಂತ ಕರೆದು ನಗ್ತಿದೀರಿ ಊರವರೆಲ್ಲ. ಹೈಮಾವತಿ ಮನೆ ಗೋಡೆ ಮೇಲೆ ಕಳ್ಳಿ ಅಂತ ಬರೆದೋರು ಯಾರು ಅಂತ ಪತ್ತೆ ಮಾಡಿಕೊಟ್ಟು ಆಮೇಲೆ ಊರಿನ ಹೆಸರಿನ ಮಾತು ಎತ್ತಿ. ಏಳಿ!"

ಹತ್ತು ಜನವೂ ಎದ್ದರು.

ಆಗಸ್ಟ್ 28, ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ವರದಿ ಬಂತು. ಡಬ್ಬಿಯ ಮುಚ್ಚಳದ ಜಿಡ್ಡಿನಲ್ಲಿ ಸ್ಟಾನೋಜೊಲಾಲ್ ಇದೆ. ಐದೂ ಐದಕ್ಕೆ ತೊತ್ತಡಿ ಜೋಗಿನಾಯುಡುವನ್ನು ಗರಡಿಯ ಬಾಗಿಲಲ್ಲಿ ಬಂಧಿಸಿದರು. ಅವರು ಆಂಜನೇಯನ ಪಟಕ್ಕೆ ಕೈ ಮುಗಿದು, ತಾವಾಗಿಯೇ ಜೀಪು ಹತ್ತಿದರು. ಮಕ್ಕಳು ಬಿಳಿ ಕೈಗಳಲ್ಲಿ ನಿಂತು ನೋಡುತ್ತಿದ್ದರು.

ಆರು ಗಂಟೆಗೆ ವಿಚಾರಣೆ ಆರಂಭವಾಯಿತು.

"ಯಾವಾಗಿಂದ?"

"ಮೂರು ವರ್ಷ ಮೇಲಾಯ್ತು."

"ಮದ್ದು ಎಲ್ಲಿಂದ?"

"ಹಳೇ ಸ್ನೇಹಿತ ಒಬ್ಬ, ಶಿಬಿರದಲ್ಲಿ ಜೊತೆಗಿದ್ದೋನು. ದೆಹಲಿಯಿಂದ ಕಳಿಸ್ತಿದ್ದ."

"ಅವಳಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ಲು. ಗೊತ್ತಿಲ್ಲದಿದ್ರೆ ಪಾಪ ಅವಳಿಗೆ ತಟ್ಟಲ್ಲ ಸಾರ್, ನನಗೆ ತಟ್ಟಲಿ ಅಂತ. ಸ್ಪರ್ಧೇಲಿ ಮಾತ್ರ ಪರೀಕ್ಷೆ ಮಾಡ್ತಾರೆ ಅಂದ್ಕೊಂಡಿದ್ದೆ. ಮನೆಗೆ ಬರ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ."

"ಹುಡುಗಿಯರಿಗೆ ಮಾತ್ರ ಯಾಕೆ?"

ಮೇಷ್ಟ್ರು ಬಹಳ ಸಹಜವಾಗಿ ಹೇಳಿದರು. "ಹುಡುಗರು ಕೇಳ್ತಾರೆ ಸಾರ್. ಯಾಕೆ ಬೇರೆ ಡಬ್ಬಿ, ಇದ್ರಲ್ಲೇನಿದೆ ಅಂತ. ಹುಡುಗಿಯರು ಕೇಳಲ್ಲ."

ಅಪ್ಪಲಕೊಂಡ ಹೇಳಿಕೆ ಬರೆದುಕೊಳ್ಳುತ್ತಿದ್ದಳು. ಕಾಗದ ಹರಿಯುವ ಹಾಗೆ ಪೆನ್ನು ಒತ್ತಿತು. ತ್ರಿನಾಥರಾವು ಮೇಜನ್ನು ಗುದ್ದಿ ಎದ್ದು ನಿಂತರು.

"ಕಾಗದ ಬಂದ ದಿನ ನಿಮಗೆ ಎಲ್ಲಾ ಗೊತ್ತಿತ್ತು. ಮಗು ಬೀದೀಲಿ ತಲೆ ಎತ್ತದಂಗಾಯ್ತು. ಒಂದು ತಿಂಗಳು ನೋಡ್ತಾ ಕೂತ್ರಲ್ಲಾ? ಮೇಲಿಂದ ಒಪ್ಕೊಂಡು ಸಹಿ ಹಾಕು ಅಂತ ಬುದ್ಧಿ ಬೇರೆ ಹೇಳಿದ್ರಿ! ನಿಮ್ಮ ಪಾಪ ಅವಳ ಕೈಲಿ ಬರೆಸೋಕೆ ಹೊರಟಿದ್ರಾ?"

"ಗರಡಿ ಮುಚ್ಚಿಬಿಡ್ತಾರೆ ಅಂತ ಭಯ ಆಯ್ತು ಸಾರ್."

ಆ ಮೇಲೆ ಅವರು ಕೇಳದೆಯೇ ಹೇಳಿದ್ದು ಹೇಳಿಕೆಯ ಕೊನೆಯ ಪುಟದಲ್ಲಿದೆ. 1991ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಜೋಗಿನಾಯುಡು ಏಷ್ಯಾ ಮಟ್ಟದ ಸ್ಪರ್ಧೆಯಲ್ಲಿ ಐದನೆಯವರಾದರು. ರಾಗಿ ಅಂಬಲಿ, ಒಣಮೀನು ತಿಂದು ಎತ್ತಿದ ಭಾರ. ಮುಂದಿದ್ದ ನಾಲ್ವರಲ್ಲಿ ಮೂವರು ಆಮೇಲಿನ ವರ್ಷಗಳಲ್ಲಿ ಮದ್ದು ತಿಂದು ಸಿಕ್ಕಿಬಿದ್ದರು. ಆದರೆ ಆ ದಿನದ ಪಟ್ಟಿಯನ್ನು ಯಾರೂ ತಿದ್ದಲಿಲ್ಲ. "ನೀನು ಐದನೆಯವನಲ್ಲ, ಎರಡನೆಯವನು ಅಂತ ಯಾರಾದ್ರೂ ಬಂದು ಒಂದು ಮಾತು ಹೇಳ್ತಾರೆ ಅಂತ ಕಾದೆ ಸಾರ್. ಯಾರೂ ಬರ್ಲಿಲ್ಲ. ನನ್ನ ಹುಡುಗಿ ಐದನೆಯವಳು ಆಗಬಾರದು ಅನ್ನಿಸ್ತು," ಎಂದರು. ಅನ್ಯಾಯ ಆಗಿತ್ತು, ಸಂಶಯವಿಲ್ಲ. ಆ ಅನ್ಯಾಯವನ್ನು ಇಪ್ಪತ್ತನಾಲ್ಕು ವರ್ಷ ಮೈಯಲ್ಲಿ ಸಾಕಿಕೊಂಡು, ಕೊನೆಗೆ ಉಂಡೆ ಕಟ್ಟಿ ಮಕ್ಕಳ ಬಾಯಿಗೆ ಹಾಕಿದ ಮನುಷ್ಯನನ್ನು ಏನೆನ್ನಬೇಕೋ ತ್ರಿನಾಥರಾವಿಗೆ ತಿಳಿಯಲಿಲ್ಲ.

29ರ ಬೆಳಿಗ್ಗೆ ಎಂಟೂವರೆಗೆ ಹೈಮಾವತಿ ಬಂದಳು. ಹನ್ನೊಂದರ ರೈಲಿಗೆ ತಾಯಿಯ ಜೊತೆ ದೆಹಲಿಗೆ ಹೊರಟಿದ್ದಳು. ಎಫ್‌ಐಆರ್, ಪಂಚನಾಮೆ, ವರದಿಗಳ ದೃಢೀಕೃತ ನಕಲು ಕೊಟ್ಟರು. ಅವಳು ಹೆಗಲ ಚೀಲಕ್ಕೆ ಹಾಕಿಕೊಂಡು, "ಒಂದ್ಸಲ ನೋಡ್ಲಾ?" ಎಂದಳು.

ಲಾಕಪ್ಪಿನ ಕಂಬಿಯ ಒಳಗೆ ಮೇಷ್ಟ್ರು ಗೋಡೆಗೆ ಒರಗಿ ಕುಳಿತಿದ್ದರು.

"ಯಾವ ಮೆಡಲ್ ನಂದು ಮೇಷ್ಟ್ರೇ?" ಎಂದಳು.

"ಎಲ್ಲಾ ನಿಂದೇ ಅಮ್ಮಾ. ಎತ್ತಿದ ಕೈ ನಿಂದಲ್ವಾ?"

"ಕೈ ನಂದೇ. ಅದಕ್ಕೇ ನೀವು ಕೈಗೆ ಕೊಡದೆ ಬಾಯಿಗೆ ಹಾಕಿದ್ರಿ." ಅವಳು ಕಂಬಿ ಹಿಡಿದುಕೊಂಡಳು. "ಮೊದಲನೇ ಸಲ ಮದ್ದು ಹಾಕಿದ ತಾರೀಖು ಹೇಳಿ."

ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿದರು. ಅವಳು ಇನ್‌ಸ್ಪೆಕ್ಟರ ಕಡೆ ತಿರುಗಿದಳು. ಗರಡಿಯ ರಿಜಿಸ್ಟರ್ ಅವರ ಮೇಜಿನ ಮೇಲಿತ್ತು. ತೆರೆಯುವ ಅಗತ್ಯವಿರಲಿಲ್ಲ, ಮೊದಲ ಚುಕ್ಕೆಯ ತಾರೀಖು ಅವರಿಗೆ ಬಾಯಿಪಾಠವಾಗಿತ್ತು. ಸುಳ್ಳು ಹೇಳಿದರೇನು ಎಂದು ಒಂದು ಕ್ಷಣ ಅನ್ನಿಸಿತು.

"2015, ಮಾರ್ಚ್ 12," ಎಂದರು.

ಹೈಮಾವತಿ ಚೀಲದಿಂದ ಒಂದು ಟವಲಿನ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದಳು. ವಿಚಾರಣೆಯವರಿಗೆ ತೋರಿಸೋಣವೆಂದು ಒಯ್ಯುತ್ತಿದ್ದ ಒಂಬತ್ತು ಪದಕಗಳು. ಒಂದೊಂದರ ಹಿಂದೆಯೂ ಕೆತ್ತಿದ ವರ್ಷ ಓದಿ, ಎರಡು ಗುಂಪು ಮಾಡಿದಳು. ಜಿಲ್ಲೆಯದು, ರಾಜ್ಯದ್ದು, ಒಂದು ಜೂನಿಯರ್ ರಾಷ್ಟ್ರಮಟ್ಟದ ಕಂಚು ಇತ್ತ ಬಂದವು. ಆರು ಅತ್ತ ಹೋದವು. ಪರದೇಶಗಳಲ್ಲಿ ಗೆದ್ದದ್ದೆಲ್ಲ ಆ ಆರರಲ್ಲೇ ಇತ್ತು.

"ಇದನ್ನೆಲ್ಲ ಯಾರೂ ವಾಪಸ್ ಕೇಳಿಲ್ಲಮ್ಮಾ. ಕಾಗದದಲ್ಲಿ ಜೂನ್ ತಿಂಗಳದು ಮಾತ್ರ ಇದೆ," ಎಂದರು ತ್ರಿನಾಥರಾವು.

"ಗೊತ್ತು ಸಾರ್." ಅವಳು ಆರರಲ್ಲಿ ಒಂದು ಚಿನ್ನದ ಪದಕವನ್ನು ಬೆರಳಿಂದ ಮುಂದೆ ತಳ್ಳಿದಳು. "ಇಲ್ಲಿ ನನ್ನ ಹಿಂದೆ ಒಬ್ಬಳು ಶ್ರೀಲಂಕಾದ ಹುಡುಗಿ ಇದ್ಲು. ಒಂದೇ ಕಿಲೋ ವ್ಯತ್ಯಾಸ. ರೂಮಲ್ಲಿ ಕೂತು ಅಳ್ತಿದ್ಲು, ನಾನೇ ಹೋಗಿ ನೀರು ಕೊಟ್ಟೆ. ಇದು ಅವಳದು. ಅವಳಿಗೆ ಯಾರಾದ್ರೂ ಹೇಳ್ಬೇಕಲ್ಲ ಸಾರ್."

ಕಂಬಿಯ ಹಿಂದೆ ಜೋಗಿನಾಯುಡು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಠಾಣೆಯಲ್ಲಿದ್ದವರೆಲ್ಲ ಆ ಅಳು ಕೇಳಿದರು. ಯಾರೂ ಸಮಾಧಾನ ಹೇಳಲು ಹೋಗಲಿಲ್ಲ.

ಅವಳು ಮೂರು ಪದಕಗಳನ್ನು ಟವಲಿನಲ್ಲಿ ಕಟ್ಟಿ, ಚೀಲಕ್ಕೆ ಹಾಕಿ, ಸ್ಟೇಶನ್ನಿಗೆ ಹೊರಟಳು. ಸಿಂಹಾದ್ರಿ ಠಾಣೆಯ ಸೊತ್ತಿನ ರಿಜಿಸ್ಟರ್ ತೆರೆದು, ಮೇಜಿನ ಮೇಲಿದ್ದ ಆರನ್ನು ನೋಡುತ್ತ ಪೆನ್ನು ಹಿಡಿದು ನಿಂತಿದ್ದ.

"ಸಾರ್, ಇವನ್ನ ಯಾರ ಹೆಸರಿಗೆ ಬರೀಲಿ?"

ತ್ರಿನಾಥರಾವು ಆ ಚಿನ್ನದ್ದನ್ನು ಕೈಗೆ ತೆಗೆದುಕೊಂಡರು. "ಶ್ರೀಲಂಕಾದ ಆ ಹುಡುಗಿಯ ಹೆಸರು ವಿಚಾರಿಸು. ಅಲ್ಲೀ ತನಕ ಜಾಗ ಖಾಲಿ ಬಿಡು," ಎಂದರು.